ಸುಸ್ತಿ, ಜಪ್ತಿ, ಎಕ್ಸ್‌ಪಾರ್ಟಿ: ನಮ್ಮ ಬಾಯಲ್ಲಿ ಉಳಿದ ಕೋರ್ಟಿನ ಮಾತುಗಳು

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಆಡಳಿತ ಮಂಡಳಿಯವರು ಕೇಳಿದರು. ಸಂಘದ ಏಳಿಗೆ, ಠೇವಣಿ, ಗೋದಾಮು, ಗೊಬ್ಬರ ವಿತರಣೆ ಇವುಗಳ ಬಗ್ಗೆ ಬರೆಯಲು ಬಲ್ಲವರು ಬೇರೆ ಇದ್ದಾರೆ. ನಾವು ಮಾತ್ರ ಹಬ್ಬದ ದಿನ ಯಾರೂ ಬಾಯಲ್ಲಿ ತರಲು ಇಷ್ಟಪಡದ ಕೆಲವು ಮಾತುಗಳನ್ನು ಆರಿಸಿಕೊಂಡಿದ್ದೇವೆ. ಸುಸ್ತಿ, ಜಪ್ತಿ, ಹರಾಜು, ಡಿಕ್ರಿ, ಎಕ್ಸ್‌ಪಾರ್ಟಿ. ಇವಿಲ್ಲದೆ ಯಾವ ಪತ್ತಿನ ಸಂಘದ ಚರಿತ್ರೆಯೂ ಪೂರ್ತಿಯಾಗುವುದಿಲ್ಲ. ಓದುಗರು ಮುನಿಸಿಕೊಳ್ಳಬಾರದು.

ಹಿಂದೊಮ್ಮೆ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿಗಳು ಸುಸ್ತಿದಾರರ ಪಟ್ಟಿ ಓದುತ್ತಿದ್ದರು. ತಮ್ಮ ಹೆಸರು ಬಂದ ಕೂಡಲೇ ಒಬ್ಬ ಹಿರಿಯರು ಎದ್ದು ನಿಂತು, "ನಾ ಎಲ್ಲಿ ಸುಸ್ತಾಗೇನ್ರೀ? ಇನ್ನೂ ದಿನಾ ಹೊಲಕ್ಕ ಹೋಗ್ತೀನಿ, ಕುಂಟಿ ಹೊಡೀತೀನಿ" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಆದರೆ ಅಜ್ಜನ ಮಾತು ತಪ್ಪಲ್ಲ. ಮೈ ದಣಿದರೆ ಹೇಳುವ ಸುಸ್ತೂ, ಸಾಲದ ಕಂತು ತಪ್ಪಿದರೆ ಬರೆಯುವ ಸುಸ್ತಿಯೂ ಒಂದೇ ಪಾರ್ಸಿ ಮಾತಿನ ಮಕ್ಕಳು. ಸಡಿಲ, ಜಡ, ಬಲಹೀನ ಎಂಬುದು ಅದರ ಮೂಲಾರ್ಥ. ಸಾಲ ಕಟ್ಟದವನು ಕಳ್ಳ ಎಂದು ಆ ಮಾತು ಹೇಳುವುದಿಲ್ಲ, ಕೈ ಸೋತವನು ಎನ್ನುತ್ತದೆ. ಇಷ್ಟು ಕರುಣೆಯ ಮಾತು ನಮ್ಮ ದಫ್ತರದಲ್ಲಿ ಇನ್ನೊಂದು ಇದ್ದಂತಿಲ್ಲ.

ಕಚೇರಿಯ ಇಂಥ ಮಾತುಗಳು ಬಿಜಾಪುರದ ಆದಿಲಶಾಹಿ, ಆಮೇಲೆ ಪೇಶ್ವೆಯರ ದಫ್ತರ, ಅತ್ತ ಮೈಸೂರು ಕಡೆ ಹೈದರ್-ಟೀಪೂ ಕಾಲದ ಆಡಳಿತ, ಹೀಗೆ ಬೇರೆ ಬೇರೆ ದಾರಿಯಿಂದ ಕನ್ನಡಕ್ಕೆ ಬಂದವು. ಬಂದ ಮೇಲೆ ಅರ್ಥವನ್ನು ಸ್ವಲ್ಪ ಸ್ವಲ್ಪ ಬದಲಿಸಿಕೊಂಡವು. ವಾಯಿದೆ ಎಂದರೆ ಮೂಲದಲ್ಲಿ ಕೊಟ್ಟ ಮಾತು, ವಚನ. ನಮ್ಮಲ್ಲಿ ಅದು ಸಾಲ ತೀರಿಸುವ ಗಡುವಾಯಿತು. ಕೋರ್ಟಿಗೆ ಹೋದ ಮೇಲೆ "ಮುಂದಿನ ತಿಂಗಳಿಗೆ ವಾಯಿದೆ ಬಿತ್ತು" ಎಂಬಂತೆ ಮುಂದೂಡುವುದಕ್ಕೇ ಆ ಹೆಸರು ಬಂತು. ತಗಾದೆ ಎಂದರೆ ಕೊಡಬೇಕಾದ್ದನ್ನು ಕೇಳುವುದು. ಈಗ ತಗಾದೆ ತೆಗೆಯುವುದೆಂದರೆ ಜಗಳ ತೆಗೆಯುವುದು. ಸಾಲ ಕೇಳಲು ಹೋದವನ ಅನುಭವವೇ ಶಬ್ದಕೋಶ ಸೇರಿದೆ ಎನ್ನಬಹುದು. ಜಪ್ತಿ ಎಂದರೆ ಬಿಗಿಯಾಗಿ ಹಿಡಿದಿಡುವುದು. ಅಮೀನ ಎಂದರೆ ನಂಬಿಕಸ್ತ. ಊರಿಗೆ ಅಮೀನ ಬಂದ ಎಂದರೆ ಹೆಂಗಸರು ಪಾತ್ರೆ-ಪಗಡಿ ನೆರೆಮನೆಗೆ ಸಾಗಿಸುತ್ತಿದ್ದ ಕಾಲದಲ್ಲಿ ಈ ಅರ್ಥ ಯಾರಿಗೆ ನೆನಪಿತ್ತೋ ಕಾಣೆವು.

ಇಂಗ್ಲಿಷರ ಕೋರ್ಟಿನ ಸಂಗಡ ಡಿಕ್ರಿ, ಸಮನ್ಸು, ವಾರಂಟು, ಡಿಫಾಲ್ಟು ಬಂದವು. ಇವುಗಳಲ್ಲಿ ಡಿಫಾಲ್ಟು ಎರಡು ತಲೆಯ ಮಾತು, ನಮ್ಮ ಲೇಖನದ ತಿರುಳು ಇರುವುದೂ ಅಲ್ಲಿಯೇ. ಕೊಡಬೇಕಾದ ಹಣವನ್ನು ಕೊಡದೆ ಇದ್ದರೆ ಅದು ಡಿಫಾಲ್ಟು, ನಮ್ಮ ಸುಸ್ತಿ. ಕರೆದ ದಿನ ಕೋರ್ಟಿಗೆ ಹೋಗದೆ ಇದ್ದರೆ ಅದೂ ಡಿಫಾಲ್ಟು, ಗೈರುಹಾಜರಿ. ಮೊದಲನೆಯದನ್ನು ಊರವರು ಬಲ್ಲರು, ಅದಕ್ಕೆ ಅಂಜುತ್ತಾರೆ. ಎರಡನೆಯದನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟಿಲ್ಲ. ಆದರೆ ರೈತನ ಹೊಲ ಕೈಬಿಟ್ಟುಹೋದ ಕಥೆಗಳನ್ನು ಕೆದಕಿ ನೋಡಿದರೆ, ಹಣ ಇಲ್ಲದ್ದಕ್ಕಿಂತ ಹೆಚ್ಚಾಗಿ ಆ ದಿನ ಅಲ್ಲಿ ಇಲ್ಲದ್ದೇ ಮುಳುಗಿಸಿದಂತೆ ಕಾಣುತ್ತದೆ.

ನಮ್ಮ ಹಿಂದಿನವರಿಗೆ ಈ ವಿಷಯ ಹೊಸದೇನಲ್ಲ. ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಪಂಡಿತರು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದರು. ಕನ್ನಡ ನೆಲದಲ್ಲಿ ಹುಟ್ಟಿದ ಆ ಗ್ರಂಥ ಹಿಂದೂ ದಾಯಭಾಗದ ವ್ಯಾಜ್ಯಗಳಲ್ಲಿ ದೇಶದ ಬಹುಭಾಗಕ್ಕೆ ಪ್ರಮಾಣವಾಯಿತು. ಅದರಲ್ಲಿ ಹೀನವಾದಿ ಎಂಬ ಮಾತು ಬರುತ್ತದೆ. ನಾರದ ಸ್ಮೃತಿ ಹೇಳುವಂತೆ ಹೀನವಾದಿಗಳು ಐದು ಬಗೆ: ಮೊದಲು ಆಡಿದ್ದನ್ನು ಬಿಟ್ಟು ಬೇರೆ ಆಡುವವನು, ಸಾಕ್ಷಿ-ಪುರಾವೆಗೆ ಒಪ್ಪದವನು, ಹಾಜರಾಗದವನು, ಉತ್ತರ ಕೊಡದವನು, ಕರೆ ಬಂದ ಮೇಲೆ ಓಡಿಹೋದವನು. ಹಾಜರಾಗದವನನ್ನೂ ಓಡಿಹೋದವನನ್ನೂ ಬೇರೆ ಬೇರೆ ಎಣಿಸಿದ್ದನ್ನು ಗಮನಿಸಬೇಕು. ಬಾರದವರೆಲ್ಲ ತಪ್ಪಿಸಿಕೊಂಡವರಲ್ಲ ಎಂಬ ವಿವೇಕ ಅದರಲ್ಲಿದೆ. ಗೆದ್ದವನಿಗೆ ಕೊಡುವ ಪತ್ರಕ್ಕೆ ಧರ್ಮಶಾಸ್ತ್ರದಲ್ಲಿ ಜಯಪತ್ರವೆಂದು ಹೆಸರು. ಇಂದಿನ ಡಿಕ್ರಿಯ ನಕಲು ಅದರ ಮೊಮ್ಮಗ ಎನ್ನಬಹುದು, ಹೆಸರಿನ ಸಡಗರ ಮಾತ್ರ ಹೋಗಿದೆ.

ಈಗ ಇಂಗ್ಲಿಷರ ಕಾಲಕ್ಕೆ ಬರೋಣ. 1859ರಲ್ಲಿ ಎರಡು ಕಾಯಿದೆಗಳು ಬಂದವು. ಒಂದು, ಸಿವಿಲ್ ಪ್ರೊಸೀಜರ್ ಕೋಡು, ಅಂದರೆ ದಿವಾಣಿ ಕೋರ್ಟು ಹೇಗೆ ನಡೆಯಬೇಕೆಂಬ ಕಟ್ಟಳೆ. ಇನ್ನೊಂದು ಕಾಲಮಿತಿ ಕಾಯಿದೆ. ಸಾಲಪತ್ರದ ಮೇಲೆ ಮೂರು ವರ್ಷದೊಳಗೆ ದಾವೆ ಹಾಕಬೇಕು, ಇಲ್ಲದಿದ್ದರೆ ಹಕ್ಕು ಹೋಯಿತು ಎಂದು ಅದು ವಿಧಿಸಿತು. ರೈತನಿಗೆ ಹಳೆಯ ಸಾಲದ ಕಾಟ ತಪ್ಪಲೆಂಬುದೇ ಉದ್ದೇಶವಾಗಿತ್ತು. ಆದದ್ದು ಬೇರೆ. ಸಾಹುಕಾರರು ಮೂರು ವರ್ಷಕ್ಕೊಮ್ಮೆ ಅಸಲು-ಬಡ್ಡಿ ಕೂಡಿಸಿ ಹೊಸ ಪತ್ರ ಬರೆಸಿಕೊಳ್ಳತೊಡಗಿದರು. ಬಡ್ಡಿ ಅಸಲಾಯಿತು, ಆ ಅಸಲಿಗೆ ಮತ್ತೆ ಬಡ್ಡಿ. ಹೆಬ್ಬೆಟ್ಟು ಒತ್ತಿದವನಿಗೆ ಪತ್ರದಲ್ಲಿ ಏನಿದೆ ಎಂಬುದೇ ತಿಳಿಯದು.

ಅದೇ ಹೊತ್ತಿಗೆ ಅಮೇರಿಕದಲ್ಲಿ ಅಂತರ್ಯುದ್ಧ (1861-65) ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಮುಂಬಯಿ ಪ್ರಾಂತ್ಯದ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡ, ಹುಬ್ಬಳ್ಳಿ, ಗದಗ ಭಾಗದಲ್ಲಿ ಬೆಳೆಯುತ್ತಿದ್ದ ಧಾರವಾಡ-ಅಮೇರಿಕನ್ ಹತ್ತಿಯೂ ಹಡಗು ಹತ್ತಿತು. ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟರು. ಯುದ್ಧ ಮುಗಿದು ಬೆಲೆ ಬಿದ್ದ ಮೇಲೆ ಕೊಟ್ಟ ಕೈಗಳು ಹಿಂದೆ ಸರಿದವು. ಸರಕಾರ ಮಾತ್ರ ಕಂದಾಯ ಏರಿಸಿತು. ದಾವೆಗಳು ಸುರಿದವು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯ ಊರಿನಲ್ಲಿ ರೈತರು ಗುಂಪುಗೂಡಿ ಸಾಹುಕಾರರ ಅಂಗಡಿ-ಮನೆಗಳಿಗೆ ನುಗ್ಗಿದರು. ಪುಣೆ, ಅಹಮದ್‌ನಗರ ಜಿಲ್ಲೆಗಳಲ್ಲಿ ಅದು ಹಬ್ಬಿತು. ಚರಿತ್ರೆಯಲ್ಲಿ ಇದನ್ನು ಡೆಕ್ಕನ್ ದಂಗೆ ಎಂದು ಕರೆಯುತ್ತಾರೆ. ಜನ ಮುಖ್ಯವಾಗಿ ಕೇಳಿದ್ದು ಸಾಲಪತ್ರ, ಲೆಕ್ಕದ ಪುಸ್ತಕ, ಡಿಕ್ರಿಯ ಕಾಗದ. ಅವನ್ನು ಬೀದಿಗೆ ತಂದು ಸುಟ್ಟರು. ಕಾಗದ ಕೊಟ್ಟ ಸಾಹುಕಾರನ ಮೈ ಮುಟ್ಟದೆ ಬಿಟ್ಟದ್ದೇ ಹೆಚ್ಚು. ತಮ್ಮನ್ನು ಕಟ್ಟಿಹಾಕಿರುವುದು ಕಾಗದ ಎಂದು ಅವರಿಗೆ ಸರಿಯಾಗಿ ಗೊತ್ತಿತ್ತು.

ಸರಕಾರ ಆಯೋಗ ನೇಮಿಸಿತು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಗಳಲ್ಲಿ ನಮ್ಮ ವಿಷಯಕ್ಕೆ ಬೇಕಾದದ್ದು ಒಂದು. ಸಾಹುಕಾರರ ದಾವೆಗಳಲ್ಲಿ ಬಹುಪಾಲು ಡಿಕ್ರಿಗಳು ಎಕ್ಸ್‌ಪಾರ್ಟಿ ಡಿಕ್ರಿಗಳೇ ಆಗಿದ್ದವು. ಎಕ್ಸ್‌ಪಾರ್ಟೆ ಎಂಬ ಲ್ಯಾಟಿನ್ ಮಾತಿಗೆ ಒಂದು ಪಕ್ಷದಿಂದ ಎಂದು ಅರ್ಥ, ಕನ್ನಡದಲ್ಲಿ ಏಕಪಕ್ಷೀಯ. ರೈತ ಕೋರ್ಟಿಗೆ ಹೋಗಲಿಲ್ಲ. ವಾದಿ ಹೇಳಿದ್ದೇ ನ್ಯಾಯವಾಯಿತು. ಯಾಕೆ ಹೋಗಲಿಲ್ಲ? ಕೋರ್ಟು ದೂರ, ಹೋದರೆ ದಿನಗಟ್ಟಲೆ ಕೆಲಸ ಕೆಡುತ್ತದೆ. ವಕೀಲನಿಗೆ ಹಣವಿಲ್ಲ. ಹೆಬ್ಬೆಟ್ಟು ತನ್ನದೇ, ಹೋಗಿ ಏನು ಹೇಳುವುದು? ಮೇಲಾಗಿ ನಾಳೆ ಬೀಜಕ್ಕೆ ಮತ್ತೆ ಅದೇ ಸಾಹುಕಾರನ ಮುಂದೆ ನಿಲ್ಲಬೇಕು. ಕೆಲವರಿಗಂತೂ ಸಮನ್ಸು ಮುಟ್ಟಲೇ ಇಲ್ಲ.

ಇದರಿಂದ ಹುಟ್ಟಿದ್ದು 1879ರ ಡೆಕ್ಕನ್ ರೈತರ ಪರಿಹಾರ ಕಾಯಿದೆ. ಪುಣೆ, ಸಾತಾರಾ, ಅಹಮದ್‌ನಗರ, ಸೊಲ್ಲಾಪುರ ಜಿಲ್ಲೆಗಳಿಗೆ ಮೊದಲು ಬಂತು. ಪತ್ರದಲ್ಲಿ ಬರೆದ ಮೊತ್ತ ನೋಡಿ ಸುಮ್ಮನೆ ಡಿಕ್ರಿ ಕೊಡಬಾರದು. ಸಾಲ ಮೊದಲು ಎಷ್ಟಿತ್ತು, ಎಷ್ಟು ಬಡ್ಡಿ ಸೇರಿತು ಎಂದು ಬುಡದಿಂದ ಲೆಕ್ಕ ತೆಗೆಯಬೇಕು ಎಂದಿತು. ಪ್ರತಿವಾದಿ ವಾಸಿಸುವ ಕಡೆಯ ಕೋರ್ಟಿನಲ್ಲೇ ದಾವೆ ಹಾಕಬೇಕು, ಹಣದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕಬಾರದು ಎಂದಿತು. ಮೈಸೂರು ಸಂಸ್ಥಾನದಲ್ಲೂ 1928ರಲ್ಲಿ ರೈತರ ಪರಿಹಾರ ಕಾಯಿದೆಯೊಂದು ಬಂತು. ಒಳ್ಳೆಯ ಕಾಯಿದೆಗಳೇ. ಆದರೆ ರೈತನಿಗೆ ಬೇಕಾದ್ದು ಸಾಲ. ಕೋರ್ಟು ಬಿಗಿಯಾದರೆ ಸಾಹುಕಾರ ಕೈ ಬಿಗಿಹಿಡಿಯುತ್ತಾನೆ. ಸಾಹುಕಾರನ ಬಿಟ್ಟರೆ ಇನ್ಯಾರು?

ಅದಕ್ಕೆ ಉತ್ತರವಾಗಿ ಬಂದದ್ದೇ 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ. ಮರುವರ್ಷ 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ನೋಂದಣಿಯಾದ ಸಂಗತಿ ಸಹಕಾರಿಗಳೆಲ್ಲರಿಗೂ ಬಾಯಿಪಾಠ. ಮೈಸೂರು ಸಂಸ್ಥಾನವೂ ಅದೇ ವರ್ಷ ತನ್ನ ಸಹಕಾರ ಕಾಯಿದೆ ಮಾಡಿತು. ಆ ಮೊದಲ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಒಬ್ಬ ಸುಸ್ತಿಯಾದರೆ ಉಳಿದವರೆಲ್ಲರ ಆಸ್ತಿಗೂ ಬಿಸಿ ತಟ್ಟುತ್ತಿತ್ತು. ಹಾಗಾಗಿ ಸಾಲಗಾರ ಊರಲ್ಲಿದ್ದಾನೋ ಇಲ್ಲವೋ, ಬೆಳೆ ಬಂತೋ ಹೋಯಿತೋ, ಎಲ್ಲವೂ ಎಲ್ಲರಿಗೂ ಗೊತ್ತಿರಬೇಕಿತ್ತು. ಪತ್ತು ಎಂದರೆ ಅದೇ, ನಂಬಿಕೆ. ನಮ್ಮ ಸಂಘದ ಹೆಸರಿನಲ್ಲಿ ಇಂದಿಗೂ ಆ ಮಾತಿದೆ.

ವ್ಯಾಜ್ಯವನ್ನೂ ಕೋರ್ಟಿನಿಂದ ಹೊರಗೆ ತರಲು ನೋಡಿದರು. 1912ರ ಕಾಯಿದೆಯಲ್ಲಿ ಸದಸ್ಯ-ಸಂಘದ ನಡುವಿನ ತಂಟೆಯನ್ನು ನಿಬಂಧಕರಿಗೋ ಪಂಚರಿಗೋ ಒಪ್ಪಿಸಲು ಅವಕಾಶವಾಯಿತು. ನಮಗೆ ಅನ್ವಯಿಸುವ 1959ರ ಸಹಕಾರ ಸಂಘಗಳ ಕಾಯಿದೆಯ 70ನೇ ಕಲಮು ಇದೇ ಜಾಡಿನದು. ಅಲ್ಲಿ ಸಿಗುವುದಕ್ಕೆ ಡಿಕ್ರಿ ಎನ್ನುವುದಿಲ್ಲ, ಅವಾರ್ಡು ಎನ್ನುತ್ತಾರೆ, ಅಚ್ಚಗನ್ನಡದಲ್ಲಿ ಐತೀರ್ಪು. ಹೆಸರು ಮೃದು, ಹಲ್ಲು ಅವೇ. ಐತೀರ್ಪನ್ನು ಡಿಕ್ರಿಯಂತೆ ಜಾರಿ ಮಾಡಬಹುದು, ಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಕರೆದ ದಿನ ಬಾರದವನ ಮೇಲೆ ಅಲ್ಲಿಯೂ ಏಕಪಕ್ಷೀಯವೇ.

ಇದನ್ನು ನಾವು ಪುಸ್ತಕ ನೋಡಿ ಬರೆಯುತ್ತಿಲ್ಲ. ಸಂಘದ ಆರಂಭದ ವರ್ಷಗಳಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕೋ ಬೇಡವೋ ಎಂದು ಯೋಚಿಸಿದೆವು. ರಜತ ಮಹೋತ್ಸವದಲ್ಲಿ ಹೇಳದಿದ್ದರೆ ಇನ್ನು ಯಾವಾಗ? ನಮ್ಮ ಒಬ್ಬ ಸದಸ್ಯರು, ಎರಡು ಎಕರೆ ಒಣಬೇಸಾಯದವರು, ಬೀಜ-ಗೊಬ್ಬರಕ್ಕೆ ಸಾಲ ಪಡೆದಿದ್ದರು. ಮಳೆ ಹೋಯಿತು. ಗಂಡ-ಹೆಂಡತಿ ಮನೆಗೆ ಬೀಗ ಹಾಕಿ ಗೋವಾಕ್ಕೆ ದುಡಿಯಲು ಹೋದರು. ಇತ್ತ ಸಾಲ ಸುಸ್ತಿಯಾಯಿತು, ಮಂಡಳಿ ಠರಾವು ಪಾಸು ಮಾಡಿತು, ದಾವೆ ಹೋಯಿತು. ನೋಟೀಸು ತಂದವರು ಬೀಗ ನೋಡಿ, ಇಬ್ಬರ ಸಹಿ ಹಾಕಿಸಿ, ಬಾಗಿಲಿಗೆ ಅಂಟಿಸಿ ಹೋದರು. ಕಾಯಿದೆಯಂತೆ ಅದು ಸರಿ. ಆ ಕಾಗದ ಮಳೆಗೆ ನೆನೆದು ಹರಿದುಹೋಯಿತು. ಐತೀರ್ಪು ಬಂತು, ಏಕಪಕ್ಷೀಯ. ನಾಗರಪಂಚಮಿಗೆ ಅವರು ಊರಿಗೆ ಬಂದಾಗ ಕೇಳಿದ್ದು ತಮ್ಮದೇ ಹೊಲದ ಹರಾಜಿನ ಡಂಗುರ.

ಸಂಜೆ ಸಂಘಕ್ಕೆ ಬಂದರು. ಕೂಗಾಡಲಿಲ್ಲ. "ನಾ ಕೊಡಂಗಿಲ್ಲ ಅಂತ ಯಾವಾಗ ಅಂದೇನ್ರೀ? ನನ್ನ ಯಾರೂ ಕೇಳೇ ಇಲ್ಲಲ್ಲ" ಅಂದರು. ರೆಗ್ಜಿನ್ ಚೀಲದಿಂದ ಒಂದು ಪಾವತಿ ತೆಗೆದು ಮೇಜಿನ ಮೇಲಿಟ್ಟರು. ಊರು ಬಿಡುವ ಮುಂಚೆ ನಾಲ್ಕು ಸಾವಿರ ಕಟ್ಟಿದ್ದರು. ರಾತ್ರಿ ಕಂದೀಲು ಹಚ್ಚಿಕೊಂಡು ಲೆಕ್ಕ ನೋಡಿದೆವು, ಕರೆಂಟು ಹೋಗಿತ್ತು. ರೋಜ್‌ಕೀರ್ದಿಯಲ್ಲಿ ಹಣ ಜಮಾ ಇದೆ. ಖಾತೆಗೆ ಎತ್ತುವಾಗ ಅದೇ ಹೆಸರಿನ ಇನ್ನೊಬ್ಬ ಸದಸ್ಯರ ಪುಟಕ್ಕೆ ಬಿದ್ದಿದೆ. ಯಾರೂ ತಿಂದಿಲ್ಲ, ಯಾರದೂ ದುರುದ್ದೇಶವಿಲ್ಲ. ಅವರು ಆ ದಿನ ವಿಚಾರಣೆಗೆ ಹೋಗಿ ಆ ಚೀಟಿ ತೋರಿಸಿದ್ದರೆ ಐದು ನಿಮಿಷದಲ್ಲಿ ಮುಗಿಯುವ ಮಾತು. ಒಂದು ಪಕ್ಷದ ಮಾತಷ್ಟೇ ಕೇಳಿದ್ದರಿಂದ ತಪ್ಪು ಲೆಕ್ಕವೇ ತೀರ್ಪಾಗಿತ್ತು. ಆ ಒಂದು ಪಕ್ಷ ಯಾರು? ನಾವೇ. ದಾವೆಯ ಠರಾವಿಗೆ ಕೈ ಎತ್ತಿದವರಲ್ಲಿ ಈ ಲೇಖನ ಬರೆಯುತ್ತಿರುವ ನಾವೂ ಇದ್ದೆವು. ಅವರು ಊರಲ್ಲಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಗೋವಾಕ್ಕೆ ಒಂದು ಕಾರ್ಡು ಬರೆಯಬಹುದಿತ್ತು. ಸಂಘದಿಂದಲೇ ಅರ್ಜಿ ಕೊಟ್ಟು ಹರಾಜು ನಿಲ್ಲಿಸಿದೆವು, ಉಳಿದ ಬಾಕಿಯನ್ನು ಅವರು ಎರಡು ಸುಗ್ಗಿಯಲ್ಲಿ ತೀರಿಸಿದರು. ಹೊಲ ಉಳಿಯಿತು. ಆದರೆ ಡಂಗುರ ಸಾರಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಮುಂದೆ ಅವರು ಸಭೆಗೆ ಬರುತ್ತಿದ್ದರು, ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದರು.

ಆ ಮೇಲೆ ನಾವು ಈ ಮಾತುಗಳ ಹಿಂದೆ ಬಿದ್ದೆವು. ವಕೀಲ ಮಿತ್ರರಿಂದ ಪುಸ್ತಕ ತಂದು ಓದಿದೆವು. ಈಗ ಸಿವಿಲ್ ಕೋರ್ಟುಗಳಲ್ಲಿ ನಡೆಯುವುದು 1908ರ ಕೋಡು. ಅದರೊಳಗೆ ಬಡವನಿಗೆ ಆಸರೆಯಾಗುವ ಸಾಲುಗಳು ಎಷ್ಟೋ ಇವೆ, ಗೊತ್ತಿರುವವರು ಕಡಿಮೆ. 60ನೇ ಕಲಮಿನ ಪ್ರಕಾರ ಸಾಲಗಾರನ ಹಾಗೂ ಹೆಂಡತಿ-ಮಕ್ಕಳ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ-ಹೊದಿಕೆ ಜಪ್ತಿ ಮಾಡುವಂತಿಲ್ಲ. ಧರ್ಮದ ಪ್ರಕಾರ ಹೆಣ್ಣುಮಗಳು ಮೈಮೇಲಿಂದ ತೆಗೆಯಬಾರದ ಒಡವೆ ಮುಟ್ಟುವಂತಿಲ್ಲ; ನಮ್ಮಲ್ಲಿ ತಾಳಿ ಎಂದು ತಿಳಿಯಬೇಕು. ಕಸುಬುದಾರನ ಹತಾರ, ರೈತನ ನೇಗಿಲು-ಕುಂಟಿ, ಬದುಕಿಗೆ ಬೇಕೆಂದು ಕೋರ್ಟು ಕಂಡಷ್ಟು ದನ ಮತ್ತು ಬಿತ್ತುವ ಬೀಜ, ಅವನು ವಾಸವಿರುವ ಮನೆ, ಇವೂ ಹಾಗೆಯೇ. ಮನೆಯನ್ನು ಅಡವಿಟ್ಟಿದ್ದರೆ ಮಾತ್ರ ಆ ಮಾತು ಬೇರೆ. ಹೊತ್ತು ಮುಳುಗಿದ ಮೇಲೆ, ಹೊತ್ತು ಹುಟ್ಟುವ ಮುಂಚೆ ಜಪ್ತಿಗೆಂದು ವಾಸದ ಮನೆ ಹೊಗುವಂತಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ಹಿಡಿಯುವಂತಿಲ್ಲ. ಗಂಡಸನ್ನು ಸಿವಿಲ್ ಜೈಲಿಗೆ ಹಾಕಿಸಿದರೆ ಅವನ ಊಟದ ಖರ್ಚನ್ನು ಹಾಕಿಸಿದವನೇ ಕಟ್ಟಬೇಕು! ಕೈಯಲ್ಲಿ ನಿಜವಾಗಿಯೂ ಇಲ್ಲದವನನ್ನು ಇಲ್ಲವೆಂಬ ಒಂದೇ ಕಾರಣಕ್ಕೆ ಜೈಲಿಗೆ ಹಾಕಬಾರದೆಂದು ಸುಪ್ರೀಂ ಕೋರ್ಟು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಅದು.

ಗೈರುಹಾಜರಿಯ ವಿಷಯದಲ್ಲಿ ಕೋಡು ನಾವು ತಿಳಿದಷ್ಟು ಕಠಿಣವಾಗಿಲ್ಲ. ವಾದಿ ಬಾರದೆ ಪ್ರತಿವಾದಿ ಬಂದರೆ ದಾವೆ ಡಿಫಾಲ್ಟಿನಲ್ಲಿ ವಜಾ ಆಗುತ್ತದೆ. ಪ್ರತಿವಾದಿ ಬಾರದಿದ್ದರೆ ವಿಚಾರಣೆ ಏಕಪಕ್ಷೀಯವಾಗಿ ನಡೆಯುತ್ತದೆ. ಒಮ್ಮೆ ತಪ್ಪಿದವನು ಮುಂದಿನ ವಾಯಿದೆಗೆ ಬಂದರೆ ಬಾಗಿಲು ಹಾಕುವಂತಿಲ್ಲ, ಅಲ್ಲಿಂದ ಮುಂದೆ ಅವನೂ ಭಾಗವಹಿಸಬಹುದು ಎಂದು ಸುಪ್ರೀಂ ಕೋರ್ಟು 1955ರಲ್ಲೇ ಸಂಗ್ರಾಮ್ ಸಿಂಗ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಡಿಕ್ರಿಯೇ ಆಗಿಹೋಗಿದ್ದರೂ ಸಮನ್ಸು ಸರಿಯಾಗಿ ಮುಟ್ಟಿರಲಿಲ್ಲ, ಅಥವಾ ಬಾರದಿರಲು ತಕ್ಕ ಕಾರಣವಿತ್ತು ಎಂದು ತೋರಿಸಿ ರದ್ದು ಮಾಡಿಸಿಕೊಳ್ಳಬಹುದು. ಅದಕ್ಕೆ ಮೂವತ್ತು ದಿನದ ಮಿತಿ. ಸಮನ್ಸು ಸರಿಯಾಗಿ ಮುಟ್ಟದಿದ್ದಲ್ಲಿ ಡಿಕ್ರಿ ತಿಳಿದ ದಿನದಿಂದ ಎಣಿಕೆ. ಕೋರ್ಟಿನ ಹರಾಜಿನಲ್ಲಿ ಸ್ಥಿರಾಸ್ತಿ ಹೋದರೂ ಅರವತ್ತು ದಿನದೊಳಗೆ ಬಾಕಿಯನ್ನೂ, ಹರಾಜು ಹಿಡಿದವನಿಗೆಂದು ಹರಾಜಿನ ಮೊತ್ತದ ಶೇಕಡಾ 5ನ್ನೂ ತುಂಬಿದರೆ ಹೊಲ ವಾಪಸು ಬರುತ್ತದೆ.

ಇನ್ನೊಂದು ಸಣ್ಣ ಸಂಗತಿ. ಪ್ರತಿವಾದಿ ಮನೆಯಲ್ಲಿಲ್ಲದಾಗ ಸಮನ್ಸನ್ನು ಮನೆಯ ಪ್ರಾಯಕ್ಕೆ ಬಂದ ಗಂಡಸಿಗೆ ಮಾತ್ರ ಕೊಡಬೇಕೆಂದು 1908ರ ಕೋಡಿನಲ್ಲಿತ್ತು. ಮನೆಯಲ್ಲಿ ಇರುವವಳು ಹೆಂಡತಿ, ತಾಯಿ; ಅವರ ಕೈಗೆ ಕೊಟ್ಟರೆ ಲೆಕ್ಕಕ್ಕಿಲ್ಲ! 1976ರ ತಿದ್ದುಪಡಿಯಲ್ಲಿ ಗಂಡಸಾಗಲಿ ಹೆಂಗಸಾಗಲಿ ಎಂದು ಸೇರಿಸಿದರು. ನಮ್ಮ ಅನುಭವದಲ್ಲಿ ಕಾಗದವನ್ನು ಜೋಪಾನವಾಗಿ ಇಟ್ಟು, "ಇದೇನ ನೋಡ್ರಿ" ಎಂದು ಯಾರಿಗಾದರೂ ತೋರಿಸುವವರು ಹೆಂಗಸರೇ. ಗಂಡಸರು ಮಡಚಿ ಜೇಬಿಗಿಟ್ಟು ಮರೆಯುತ್ತಾರೆ.

ಆ ಹರಾಜಿನ ಪ್ರಸಂಗದ ತರುವಾಯ ಮಂಡಳಿ ಒಂದು ಠರಾವು ಮಾಡಿತು. ದಾವೆ ಹೂಡುವ ಮುಂಚೆ ಸಂಘದ ಸಿಪಾಯಿ ಸದಸ್ಯರ ಮನೆಗೆ ಹೋಗಿ ಬಾಕಿಯ ಲೆಕ್ಕವನ್ನು ಓದಿ ಹೇಳಬೇಕು. ಸದಸ್ಯರು ಪರಸ್ಥಳದಲ್ಲಿದ್ದರೆ ಅಲ್ಲಿಗೆ ಪತ್ರ ಬರೆಯಬೇಕು. ಅವರ ಬಳಿಯ ಪಾವತಿಗಳನ್ನು ತರಿಸಿ ಖಾತೆಯೊಡನೆ ತಾಳೆ ನೋಡಬೇಕು. ಇದಕ್ಕಾಗಿ ಒಂದು ರಜಿಸ್ಟರು ಹಾಕಿದೆವು. ಅದರ ಕೊನೆಯ ಕಾಲಮಿಗೆ "ಓದಿ ಹೇಳಲಾಗಿದೆ" ಎಂದು ತಲೆಬರಹ. ಅದರ ಕೆಳಗೆ ಸಹಿ, ಇಲ್ಲವೇ ಹೆಬ್ಬೆಟ್ಟು. ಮೊದಲ ಪುಟದ ಮೊದಲ ಸಾಲಿನಲ್ಲಿ ಆ ಸದಸ್ಯರನ್ನೇ ಕರೆದು, ಅವರ ಉಳಿದ ಬಾಕಿಯ ಲೆಕ್ಕ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿದೆವು. ಅವರು ಒತ್ತುವ ಮುಂಚೆ ಇನ್ನೊಮ್ಮೆ ಓದಿಸಿದರು.